ಅಗ್ಗದ ಪೆಟ್ರೋಲಿನ ಒಂದು ಗುಟುಕು

ಪೆಟ್ರೋಲ್ ಪಂಪಿನಲ್ಲಿ ನಿಂತವರ ಮುಖವನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆರೆದೊಡನೆ ಪ್ರತಿಯೊಬ್ಬನೂ ಒಮ್ಮೆ ಬಗ್ಗಿ ಒಳಗೆ ನೋಡುತ್ತಾನೆ. ಕಾಣುವುದು ಕತ್ತಲೆ. ಆಮೇಲೆ ಮೂಗರಳಿಸಿ ವಾಸನೆ ಹಿಡಿಯುತ್ತಾನೆ. ಬರುವುದು ಪೆಟ್ರೋಲಿನ ವಾಸನೆಯೇ. ಅಷ್ಟರಿಂದಲೇ ಏನೋ ಮನವರಿಕೆಯಾದವನಂತೆ ತಲೆಯಾಡಿಸಿ ಮುಚ್ಚಳ ತಿರುಗಿಸುತ್ತಾನೆ. ತಾನು ಕೊಂಡದ್ದು ಏನು ಎಂಬುದು ಅವನಿಗೆ ಮೊದಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಒಮ್ಮೆಗೇ ಮೇಲೇರಿದ ಮೇಲೆ ನಮ್ಮ ಉಡುಪಿಯ ಕಡೆ ಈ ಅಜ್ಞಾನ ಒಂದು ಶಾಸ್ತ್ರವಾಗಿ ಬೆಳೆಯಿತು. ಕಾರ್ಕಳದ ಪಂಪಿನ ಪೆಟ್ರೋಲಿಗೆ ಏರು ಹತ್ತುವ ಕಸುವು ಹೆಚ್ಚೆಂದು ನನಗೆ ಪರಿಚಯದ ವಕೀಲರೊಬ್ಬರು ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಚೆನ್ನಾಗಿ ವಾದಿಸುತ್ತಿದ್ದರು. ಇನ್ನೊಬ್ಬರು ಅಂಗೈಯ ಮೇಲೆ ಎರಡು ಹನಿ ಬಿಡಿಸಿಕೊಂಡು, ಅದು ಆರುವ ರೀತಿಯನ್ನು ನಾಡಿ ನೋಡುವ ಪಂಡಿತರ ಗಾಂಭೀರ್ಯದಿಂದ ನೋಡುತ್ತಿದ್ದರು. ವಿದೇಶಿ ಕಂಪೆನಿಗಳ ಬೋರ್ಡು ಇಳಿದು ಸರಕಾರಿ ಹೆಸರಿನ ಹೊಸ ಬೋರ್ಡು ಏರಿದಾಗ, ಪೆಟ್ರೋಲಿನ ರುಚಿಯೇ ಕೆಟ್ಟಿತೆಂದು ಮರುಗಿದವರುಂಟು. ಬೋರ್ಡಿನ ಕೆಳಗೆ ಅದೇ ಟ್ಯಾಂಕು, ಅದೇ ಕೊಳವೆ ಇತ್ತು. ಅದನ್ನು ಹಿಡಿದವನೂ ಅದೇ ಮನುಷ್ಯ.

ಉಡುಪಿಯಲ್ಲಿ ಕುಳಿತು ಪತ್ರಿಕೆಯೊಂದಕ್ಕೆ ವರದಿ ಬರೆಯುತ್ತಿದ್ದ ನಾನು ಪಂಪಿನ ಪಕ್ಷದವನಾಗಿದ್ದೆ. ಬೋರ್ಡು, ಮೀಟರು, ರಶೀದಿ ಈ ಮೂರೂ ಇರುವ ಕಡೆ ಸತ್ಯವೂ ಇರುತ್ತದೆಂಬುದು ನನ್ನ ವೃತ್ತಿ ನನಗೆ ಕಲಿಸಿದ್ದ ನಂಬಿಕೆ. ನನ್ನ ಗೆಳೆಯ ಅಬ್ಬಾಸ್ ಎದುರು ಪಕ್ಷದವನು. ಕಾಪುವಿನಲ್ಲಿ ಅವನಿಗೊಂದು ಜವಳಿ ಅಂಗಡಿ, ನನ್ನದರಂತಹದೇ ಒಂದು ಸ್ಕೂಟರು. ಸಂತೆಕಟ್ಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಸಂಜೀವಣ್ಣ ಹಿಂಬದಿಯಲ್ಲಿ ಟಿನ್ನುಗಳಲ್ಲಿ ಪೆಟ್ರೋಲು ತುಂಬಿಸಿಟ್ಟು ಪಂಪಿಗಿಂತ ಅಗ್ಗವಾಗಿ ಮಾರುತ್ತಿದ್ದ. ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಸರಕು ಹೊಂದಿಸಲು ಕುಂದಾಪುರಕ್ಕೆ ಹೋಗಿ ಬರುವಾಗ ಅಬ್ಬಾಸ್ ಅಲ್ಲಿಂದ ಒಂದು ಟಿನ್ನು ಕಟ್ಟಿಸಿಕೊಂಡು ಬರುತ್ತಿದ್ದ.

"ಅದರಲ್ಲಿ ಅರ್ಧ ಸೀಮೆಎಣ್ಣೆ, ಇನ್ನರ್ಧ ದೇವರಿಗೇ ಗೊತ್ತು" ಎಂದು ನಾನು ಹೇಳುತ್ತಿದ್ದೆ.

"ನಿನ್ನ ಪೇಪರಿನಲ್ಲಿ ಅರ್ಧ ಜಾಹೀರಾತು ಅಲ್ವಾ ಮಾರಾಯ? ಆದರೂ ಓದುತ್ತೇವೆ" ಎನ್ನುತ್ತಿದ್ದ ಅವನು.

ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಕಾರ್ಕಳದಲ್ಲಿ ಯಾವುದೋ ಸಭೆಯ ವರದಿಗೆ ಹೋಗಬೇಕಿದ್ದ ಒಂದು ಬೆಳಗ್ಗೆ, ಬೇರೆ ಕೆಲಸಕ್ಕೆಂದು ಕಾಪುವಿಗೆ ಬಂದಿದ್ದ ನನ್ನ ಸ್ಕೂಟರು ಅಬ್ಬಾಸನ ಮನೆಯ ಹತ್ತಿರ ಬರಿದಾಗಿ ನಿಂತಿತು. ಪಂಪಿನಲ್ಲಿ ಸ್ಟಾಕ್ ಇಲ್ಲವೆಂಬ ಹಲಗೆ ತೂಗುತ್ತಿತ್ತು. ಅಬ್ಬಾಸನಿಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಜಗಲಿಯಿಂದ ಟಿನ್ನು ತಂದು ಸ್ಟೂಲಿನ ಮೇಲಿಟ್ಟ, ರಬ್ಬರು ನಳಿಗೆಯ ಒಂದು ತುದಿಯನ್ನು ಅದರೊಳಗೆ ಇಳಿಬಿಟ್ಟ, ಇನ್ನೊಂದನ್ನು ಬಾಯಿಗಿಟ್ಟ. "ನೋಡು ಪೇಪರಿನವನೇ, ಇವತ್ತು ನೀನು ಸಂಜೀವಣ್ಣನ ಪ್ರಸಾದದಲ್ಲಿ ಕಾರ್ಕಳಕ್ಕೆ ಹೋಗುವುದು" ಎಂದು ನಗುತ್ತಲೇ ಹೀರಿದ. ನಗುತ್ತಾ ಹೀರಬಾರದು. ಒಂದು ಗುಟುಕು ಪೆಟ್ರೋಲು ಒಳಗೆ ಹೋಯಿತು.

ನಳಿಗೆ ಅವನ ಕೈಯಿಂದ ಜಾರಿ, ಸರಿಯಾಗಿ ನನ್ನ ಟ್ಯಾಂಕಿನ ಬಾಯಿಗೇ ಬಿದ್ದು, ಸಣ್ಣ ಸದ್ದು ಮಾಡುತ್ತಾ ತುಂಬತೊಡಗಿತು. ಪಕ್ಕದಲ್ಲಿ ಅಬ್ಬಾಸ್ ಮೊಣಕಾಲೂರಿ, ಉಸಿರು ಸಿಗದೆ, ಕಣ್ಣು ಹೊರಬರುವಂತೆ ಕೆಮ್ಮುತ್ತಿದ್ದ. ಸುತ್ತ ಸೇರಿದವರಲ್ಲಿ ಒಬ್ಬರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು, ಇನ್ನೊಬ್ಬರು ಮಜ್ಜಿಗೆ ಎಂದರು. ಉಪ್ಪು ಕದಡುವುದರೊಳಗೆ ಟ್ಯಾಕ್ಸಿ ಬಂದದ್ದು ಪುಣ್ಯ. ಅವನನ್ನೂ ಅವನ ಹೆಂಡತಿ ಆಯಿಷಕ್ಕನನ್ನೂ ಕೂರಿಸಿ ಮಣಿಪಾಲಕ್ಕೆ ಕಳಿಸಿ, ಹಿಂದಿನಿಂದ ನಾನು ಸ್ಕೂಟರಿನಲ್ಲಿ ಹೊರಟೆ. ಅದು ಒಂದೇ ಒದೆತಕ್ಕೆ ಚಾಲೂ ಆಯಿತು.

ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನವರು, ಉತ್ತರದ ಕಡೆಯವರು. ಕನ್ನಡ ಬಾರದು. ವಾಂತಿ ಮಾಡಿಸಲಿಲ್ಲವೆಂದು ಕೇಳಿ ಸಮಾಧಾನಪಟ್ಟರು. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಕಷ್ಟವಂತೆ. ಸ್ವಲ್ಪ ಆಗಲೇ ಇಳಿದಿರಬಹುದೆಂದೂ, ಕಾದು ನೋಡಬೇಕೆಂದೂ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: ಅದು ಬರೀ ಪೆಟ್ರೋಲೇ? ಬೇರೇನು ಬೆರೆತಿತ್ತು? ಟಿನ್ನಿನಲ್ಲಿ ಮೊದಲು ಏನಿತ್ತು? ಗದ್ದೆಗೆ ಹೊಡೆಯುವ ಎಂಡ್ರಿನ್ ಎಂಬ ಕೀಟನಾಶಕ ಬಂದ ಟಿನ್ನಿನಲ್ಲಿ ಅಡುಗೆ ಎಣ್ಣೆ ತುಂಬಿಸಿಟ್ಟು, ಅದನ್ನು ತಿಂದು ಪ್ರಾಣ ಕಳೆದುಕೊಂಡವರನ್ನು ಅವರು ನೋಡಿದ್ದರು. ಆ ವಿಷವಾದರೆ ಚಿಕಿತ್ಸೆಯೇ ಬೇರೆ, ತಡವಾಗಬಾರದು.

ಆಯಿಷಕ್ಕ ಸೆರಗು ಬಾಯಿಗೊತ್ತಿ ನನ್ನನ್ನೇ ನೋಡುತ್ತಿದ್ದಳು. "ಹೇಳಿ ಅಣ್ಣಾ. ಅದರಲ್ಲಿ ಎಂತ ಉಂಟು ಅಂತ ನಿಮಗೆ ಗೊತ್ತುಂಟಲ್ಲ? ನೀವು ಯಾವಾಗಲೂ ಹೇಳುತ್ತೀರಿ ಅಂತ ಇವರು ಬಂದು ನಗಾಡುತ್ತಿದ್ದರು."

ನನಗೆ ಗೊತ್ತಿದ್ದದ್ದು ವಾದ ಮಾತ್ರ. ಅರ್ಧ ಸೀಮೆಎಣ್ಣೆ, ಇನ್ನರ್ಧ ದೇವರಿಗೇ ಗೊತ್ತು ಎಂಬ ನನ್ನ ಮಾತನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಮೆಟ್ಟಿಲಿಳಿದು ಸಂತೆಕಟ್ಟೆಗೆ ಸ್ಕೂಟರು ಓಡಿಸಿದೆ. ದಾರಿಯುದ್ದಕ್ಕೂ ನನ್ನ ವಾದ ಸೋಲಲಿ ಎಂದು ಪ್ರಾರ್ಥಿಸಿದೆ. ಅಬ್ಬಾಸ್ ಹೇಳಿದ್ದೇ ನಿಜವಾಗಿರಲಿ, ಅದು ಪಂಪಿನಷ್ಟೇ ಅಪ್ಪಟ ಪೆಟ್ರೋಲಾಗಿರಲಿ, ಮುಂದೆ ಜನ್ಮವಿಡೀ ಅವನು ನನ್ನನ್ನು ಹಂಗಿಸಲಿ ಎಂದು.  

ಸಂಜೀವಣ್ಣ ಟ್ಯೂಬಿಗೆ ಪಂಕ್ಚರು ಹಾಕುತ್ತಿದ್ದ.

"ಅಬ್ಬಾಸ್ ನಿಮ್ಮ ಪೆಟ್ರೋಲು ಕುಡಿದು ಮಣಿಪಾಲದಲ್ಲಿ ಮಲಗಿದ್ದಾನೆ" ಎಂದೆ.

"ಕುಡಿಯಲಿಕ್ಕೆ ಅಲ್ಲವಲ್ಲ ಸ್ವಾಮೀ ನಾನು ಕೊಟ್ಟದ್ದು" ಎಂದವನು, ನನ್ನ ಮುಖ ಸರಿಯಾಗಿ ನೋಡಿ ಎದ್ದುನಿಂತ.

"ಅದರಲ್ಲಿ ಎಂತ ಉಂಟು?"

"ಪೆಟ್ರೋಲು ಉಂಟು."

"ಮತ್ತೆ?"

"ಮತ್ತೆ ಎಂತ? ಪಂಪಿನದ್ದೇ."

ಟಿನ್ನಿನಲ್ಲಿ ಮೊದಲು ಏನಿತ್ತೆಂದು ಕೇಳಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ಅಂಗಡಿಯ ಹಿಂಬದಿಗೆ ಹೋಗಿ, ಗುಜರಿಯವನಿಂದ ಕೊಂಡು ಸಾಲಾಗಿ ಇಟ್ಟಿದ್ದ ಖಾಲಿ ಟಿನ್ನುಗಳನ್ನು ಬಹಳ ಹೊತ್ತು ನೋಡುತ್ತಾ ನಿಂತ. ಕೆಲವುಗಳ ಲೇಬಲ್ಲನ್ನು ಯಾರೋ ಕೆರೆದು ತೆಗೆದಿದ್ದರು.  ತಿರುಗಿ ಬಂದು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ.

"ಹೇಳಿ ಸಂಜೀವಣ್ಣ."

"ನಿಮ್ಮ ಹತ್ತಿರ ಹೇಳುವುದಿಲ್ಲ. ನೀವು ಪೇಪರಿನವರು. ನನ್ನನ್ನು ಕರೆದುಕೊಂಡು ಹೋಗಿ, ಡಾಕ್ಟ್ರ ಹತ್ತಿರ ನಾನೇ ಹೇಳುತ್ತೇನೆ."

ಅಂಗಡಿಗೆ ಬಾಗಿಲು ಕೂಡ ಹಾಕದೆ ನನ್ನ ಹಿಂದೆ ಹತ್ತಿ ಕುಳಿತ. ಉಡುಪಿ ದಾಟಿ, ಮೊದಲು ನಾನೊಬ್ಬನೇ ಹತ್ತಿದ್ದ ಮಣಿಪಾಲದ ಏರು ಸಿಕ್ಕಿದಾಗ, ಇಬ್ಬರ ಭಾರಕ್ಕೆ ಎಂಜಿನು ಕೆಮ್ಮತೊಡಗಿತು. ಹಿಂದಿನಿಂದ ಬಿಳಿ ಹೊಗೆ.  ಅದೇ ಪೆಟ್ರೋಲು ಒಬ್ಬನ ಎದೆಯಲ್ಲೂ ನಮ್ಮ ಕಾಲಡಿಯ ಎಂಜಿನಿನಲ್ಲೂ ಏನೇನು ಮಾಡುತ್ತಿದೆಯೆಂದು ಇಬ್ಬರೂ ಕಿವಿಗೊಟ್ಟು ಕೇಳುತ್ತಿದ್ದೆವು. ಸ್ಕೂಟರು ಇನ್ನೇನು ನಿಂತಿತು ಎನ್ನುವಾಗ ಸಂಜೀವಣ್ಣ ಇಳಿದು, ಹೇಳದೆಯೇ, ಹಿಂದಿನಿಂದ ತಳ್ಳಿದ. ತುಸು ಸಮತಟ್ಟು ಸಿಕ್ಕಿದ ಕೂಡಲೇ ಓಡಿಬಂದು ಮತ್ತೆ ಹತ್ತಿದ.

ಡಾಕ್ಟರ ಮುಂದೆ ಅವನು ಕೈಮುಗಿದು ತುಳುವಿನಲ್ಲಿ ಶುರು ಮಾಡಿದ. ಡಾಕ್ಟರು ನನ್ನತ್ತ ನೋಡಿದರು. ನರ್ಸಮ್ಮ ಬೇರೆ ರೋಗಿಯ ಹತ್ತಿರವಿದ್ದರು. ಅಲ್ಲಿ ಅವನ ಮಾತನ್ನು ಇಂಗ್ಲಿಷಿಗೆ ದಾಟಿಸಬಲ್ಲವನು ನಾನೊಬ್ಬನೇ ಎಂಬುದು ಸಂಜೀವಣ್ಣನಿಗೆ ಅರ್ಥವಾಯಿತು. ಒಂದು ಸಲ ಪರದೆಯಾಚೆ ಮಲಗಿದ್ದವನ ಕೆಮ್ಮು ಕೇಳಿಸಿಕೊಂಡ. ಆಮೇಲೆ ನನ್ನತ್ತ ತಿರುಗಿ, ಲೆಕ್ಕ ಒಪ್ಪಿಸುವವನಂತೆ ಹೇಳಿದ:

"ಮೂರರಲ್ಲಿ ಒಂದು ಪಾಲು ಸೀಮೆಎಣ್ಣೆ. ಬೇರೆ ಎಂತದ್ದೂ ಇಲ್ಲ. ಗದ್ದೆಗೆ ಹೊಡೆಯುವ ಮದ್ದಿನ ಟಿನ್ನು ಅಲ್ಲ. ಅಬ್ಬಾಸ್ ಸಾಹೇಬರಿಗೆ ಹಿಡಿಯಲು ಸುಲಭವಾಗಲಿ ಅಂತ ಹೊಟೇಲಿನ ತೆಂಗಿನೆಣ್ಣೆ ಟಿನ್ನಿಗೆ ನಾನೇ ಹಿಡಿ ಹಾಕಿಸಿ ಕೊಟ್ಟದ್ದು. ಆಣೆ. ನೀವು ಬರೆಯುವುದಾದರೆ ಆಮೇಲೆ ಬರೆಯಿರಿ. ಈಗ ಇವರಿಗೆ ಸರಿಯಾಗಿ ಹೇಳಿ."

ಸರಿಯಾಗಿಯೇ ಹೇಳಿದೆ. ಅಷ್ಟು ಎಚ್ಚರದಿಂದ ನಾನು ಯಾವ ಮಂತ್ರಿಯ ಭಾಷಣವನ್ನೂ ವರದಿ ಮಾಡಿದವನಲ್ಲ. ಡಾಕ್ಟರು ತಲೆಯಾಡಿಸಿ, ವಿಷದ ಭಯ ಬಿಡಿ, ಇನ್ನು ಶ್ವಾಸಕೋಶದ್ದೊಂದೇ ಎಂದರು. ಅದೊಂದೇ ಸಾಕಾಗುವಷ್ಟಿತ್ತು. ಜ್ವರ ಏರಿತು, ಉಸಿರು ಸಿಳ್ಳೆ ಹಾಕಿತು, ಎಕ್ಸ್‌ರೇಯಲ್ಲಿ ಬಿಳಿ ಮೋಡ ಕಂಡಿತು. ಸಂಜೀವಣ್ಣ ದಿನವೂ ಬಸ್ಸಿನಲ್ಲಿ ಬಂದು ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಹೋಗುತ್ತಿದ್ದ. ಆಯಿಷಕ್ಕ ಅವನೊಡನೆ ಮಾತಾಡಲಿಲ್ಲ, ಎದ್ದು ಹೋಗೆಂದೂ ಹೇಳಲಿಲ್ಲ. ಕೊನೆಗೆ ಜ್ವರ ಇಳಿದ ಬೆಳಗ್ಗೆ ಅಬ್ಬಾಸ್ ಒಡಕು ದನಿಯಲ್ಲಿ ನನ್ನನ್ನು ಕೇಳಿದ:

"ಸ್ಕೂಟರು ಏರು ಹತ್ತಿತಾ?"

"ಸಂಜೀವಣ್ಣ ತಳ್ಳಿದ. ಹತ್ತಿತು."

"ಮತ್ತೆ ಎಂತ ಮಾರಾಯ ನಿನ್ನ ತಕರಾರು?" ಎಂದು ನಗಲು ಹೋಗಿ ಕೆಮ್ಮಿದ. ಆ ಕೆಮ್ಮಿಗೆ ನಾವೆಲ್ಲ ಮತ್ತೊಮ್ಮೆ ಬೆವರಿದೆವು.

ನಳಿಗೆಯನ್ನು ಬಾಯಿಯಲ್ಲಿ ಹೀರಬೇಡಿ ಎಂದೂ, ಬಿಡಿ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದುಂಟೆಂದೂ ನಾನು ಬರೆದೆ. ಹೆಸರು ಹಾಕಲಿಲ್ಲ. ಸಂಜೀವಣ್ಣ ತಾನಾಗಿಯೇ ಆ ವ್ಯಾಪಾರ ಬಿಟ್ಟು ಪಂಕ್ಚರಿಗೆ ಮರಳಿದ.

ಅಗ್ಗದ ಪೆಟ್ರೋಲು ಪಂಪಿನದ್ದಷ್ಟು ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಅಲ್ಲ ಎಂದೇ ಹೇಳುತ್ತೇನೆ. ಬಿಳಿ ಹೊಗೆಯನ್ನು ಕಣ್ಣಾರೆ ಕಂಡವನು ನಾನು. ಹಾಗೆಂದು ಪಂಪಿನ ಮುಂದೆ ನಿಂತಾಗ ಹಿಂದಿನ ನೆಮ್ಮದಿಯಿಲ್ಲ. ಬೋರ್ಡು ಹೊಳೆಯುತ್ತಿರುತ್ತದೆ, ಮೀಟರು ತಿರುಗುತ್ತದೆ, ರಶೀದಿ ಕೈಗೆ ಬರುತ್ತದೆ. ನಾನು ಬಗ್ಗಿ ಕತ್ತಲೆಯನ್ನು ನೋಡಿ, ವಾಸನೆ ಹಿಡಿದು, ಎಲ್ಲರಂತೆ ತಲೆಯಾಡಿಸುತ್ತೇನೆ. ಆಮೇಲೆ ಕೊಳವೆ ಹಿಡಿದವನ ಮುಖವನ್ನೊಮ್ಮೆ ನೋಡುತ್ತೇನೆ. ಏನಾದರೂ ಆದರೆ ಅಂಗಡಿಗೆ ಬಾಗಿಲು ಹಾಕದೆ ನನ್ನ ಹಿಂದೆ ಹತ್ತಿ ಕೂರುವವನು ಇಲ್ಲಿ ಯಾರು ಎಂಬ ಪ್ರಶ್ನೆ ಆಗ ಏಳುತ್ತದೆ. ಅದನ್ನು ಅವನಲ್ಲಿ ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.