ಬೆರಳಿಗೆ ಸುತ್ತಿದ ಎಳೆ

ಸೀರೆ ಮಾರುವ ಆ್ಯಪ್ ಒಂದಕ್ಕೆ ನೇಕಾರರನ್ನು ಸೇರಿಸುವುದು ಆಗ ನನ್ನ ಕೆಲಸ. ನಾರಾಯಣಪೇಟೆಯ ಶಿವಮ್ಮನವರ ಮಗ್ಗದ ಮೇಲೆ ಅರ್ಧ ನೇಯ್ದಿದ್ದ ದಾಳಿಂಬೆ ಬಣ್ಣದ ಸೀರೆಯ ಫೋಟೋ ತೆಗೆದು ಮಕ್ತಲ್‌ನ ಗಿರಾಕಿಯೊಬ್ಬರಿಗೆ ಕಳಿಸಿದೆ. ಮಗಳ ಮದುವೆಗೆ ಅವರಿಗೆ ಅದೇ ಬಣ್ಣದ ಹನ್ನೊಂದು ಸೀರೆ ಬೇಕಿತ್ತು. ಫೋಟೋ ನೋಡಿ, "ಇದು ಇಟ್ಟಂಗಿ ಬಣ್ಣ ಐತಲ್ರೀ, ಬ್ಯಾಡ" ಅಂದರು.

ನನ್ನದು ಐಫೋನ್, ಜೊತೆಗೆ ಬಂದಿದ್ದ ಬಸವರಾಜನದು ಆಂಡ್ರಾಯ್ಡ್. ಪಕ್ಕಪಕ್ಕ ಹಿಡಿದು ನೋಡಿದರೆ ಅದೇ ಫೋಟೋ ನನ್ನದರಲ್ಲಿ ಇಟ್ಟಂಗಿ, ಅವನದರಲ್ಲಿ ಕುಂಕುಮ. ಯಾರ ಫೋನು ಸರಿ ಎಂದು ಇಬ್ಬರೂ ಅಲ್ಲೇ ವಾದಕ್ಕೆ ನಿಂತೆವು. ನಾನು ಬೆಲೆ ಹೇಳಿದೆ, ಅವನು ಮೆಗಾಪಿಕ್ಸೆಲ್ ಹೇಳಿದ.

ಶಿವಮ್ಮ ಮಗ್ಗ ನಿಲ್ಲಿಸಿ, ಲಾಳಿಯೊಳಗೆ ನೂಲು ಸುತ್ತಿದ್ದ ಕಂಡಿಕೆಯಿಂದ ಒಂದು ಎಳೆ ಹರಿದು ಎರಡೂ ಫೋನುಗಳ ಮೇಲೆ ಇಟ್ಟು ನೋಡಿದರು. "ಎರಡೂ ಸುಳ್ಳ ಹೇಳ್ತಾವ್ರೀ" ಅಂದು ಅದನ್ನು ನನ್ನ ಬೆರಳಿಗೆ ಸುತ್ತಿದರು. "ನಮ್ಮ ಮಾವನ ಕಾಲದಿಂದ ಬಣ್ಣ ಹಿಂಗ ಕಳಸೋದು. ಅಂಗಳದಾಗ, ಬಿಸಿಲಾಗ ತೋರಸ್ರಿ."

ಬಸ್ಸು ಹತ್ತಿ ಮಕ್ತಲ್‌ಗೆ ಹೋದೆ. ಗಿರಾಕಿ ಅಂಗಳಕ್ಕೆ ಬಂದು ನನ್ನ ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿದರು. "ನಾ ಕೇಳಿದ್ದು ಇದೇ ನೋಡ್ರಿ. ಹನ್ನೊಂದೂ ನೇಯಾಕ ಹೇಳ್ರಿ."

ನಾನು ನಿರಾಳವಾಗುವಷ್ಟರಲ್ಲಿ ಅವರು ಆ ಬೆರಳಿನ ಫೋಟೋ ತೆಗೆದು ಗದ್ವಾಲದ ಬೀಗರಿಗೆ ಕಳಿಸಿಬಿಟ್ಟಿದ್ದರು. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಬದನೆಕಾಯಿ ಬಣ್ಣ ನಮಗ ಬ್ಯಾಡ್ರಿ."

ಎಳೆ ಬಿಚ್ಚದೆ ಗದ್ವಾಲದ ಬಸ್ಸು ಹತ್ತಿದೆ.