ಓನರ್ ಅಜ್ಜಿಯ ಏಡಿ ತೊಟ್ಟಿ

ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೀತಿತ್ತು. ಯಾವ್ದೋ ಏಡಿ ಹಿಡ್ಕೊಂಡಿತ್ತಂತೆ. "ಅವತ್ತೇ ಅದುನ್ನ ಸಾರು ಮಾಡ್ಬುಟ್ಟೆ" ಅಂತ ನಗೋರು.

ಬೆಂಗಳೂರು ಅರೆಕೆರೆಲಿ ನಮ್ಮ ಮನೆ ಓನರ್ ಅಜ್ಜಿ. ತೊಂಬತ್ತರ ದಶಕದ ಕೊನೆ, ನಾವು ಮೇಲಿನ ಮನೇಲಿ ಬಾಡಿಗೆಗಿದ್ವಿ. ಅವರ ಹೊಲ ಎಲ್ಲಾ ಲೇಔಟ್ ಆಗೋಗಿತ್ತು. ಉಳಿದಿದ್ದು ಮನೆ ಹಿಂದೆ ಒಂದು ಹಳೇ ಕಲ್ಲು ತೊಟ್ಟಿ. ಕಾಲುವೆ ನೀರು ಬಿಟ್ಕೊಂಡು, ಮರಿ ಏಡಿ ತಂದು, ಮಿಕ್ಕಿದ ಮುದ್ದೆ ಕಿವುಚಿ ಹಾಕಿ ಸಾಕೋರು. ಭಾನುವಾರ ಬಿಟಿಎಂ ಕಡೆಯಿಂದೆಲ್ಲಾ ಜನ ಬಂದು ತಗೊಂಡು ಹೋಗೋರು.

ನನ್ನ ಮಗಳಿಗೆ ಆಗ ಮೂರು ವರ್ಷ. ಸದಾ ಕೆಮ್ಮು. ಅಜ್ಜಿ ಸಣ್ಣ ಏಡಿನ ಇಡಿಯಾಗಿ ಒರಳಲ್ಲಿ ಕುಟ್ಟಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಕುದಿಸಿ ತಂದ್ಕೊಡೋರು. ಮಗಳು ಲೋಟ ನೆಕ್ಕೋಳು.

ಒಂದಿನ ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ನಿಂತಿದ್ರು. ಕೈಯಲ್ಲಿ ಬಾಳೆಲೆ ತುಂಡು. ಯಾವಾಗ್ಲೂ ಸೀದಾ ಒಳಗೆ ಬರೋರು, ಅವತ್ತು ಹೊಸಿಲು ದಾಟ್ಲಿಲ್ಲ.

"ಇದೇನು ನೋಡವ್ವಾ. ಹತ್ರದ್ದು ನಂಗೆ ಕಾಣಕಿಲ್ಲ."

ಸೀಳಿದ ಏಡಿ ಹೊಟ್ಟೆ. ಅದ್ರೊಳಗೆ ಕಡ್ಲೆಕಾಳಷ್ಟು ಉಂಡೆ. ಪಿನ್ನಲ್ಲಿ ಬಿಡಿಸಿದೆ. ಬಟ್ಟೆ ನೂಲಿನ ಎಳೆಗಳು, ಕೂದಲಿಗಿಂತ ಸಣ್ಣವು. ಕೆಂಪು, ನೀಲಿ. ಜಾಸ್ತಿ ಇದ್ದಿದ್ದು ಗಿಣಿ ಹಸಿರು.

ಆ ಹಸಿರು ನಂಗೆ ಗೊತ್ತಿತ್ತು. ಮಗಳ ಸ್ವೆಟರ್. ವಾರಕ್ಕೆರಡು ಸಲ ಒಗೆಯೋ ಕಲ್ಲಿನ ಮೇಲೆ ಬ್ರಶ್ ಹಾಕಿ ಉಜ್ತಿದ್ದೆ. ಆ ನೀರು ಮೋರಿಗೆ, ಮೋರಿ ಕಾಲುವೆಗೆ, ಕಾಲುವೆ ತೊಟ್ಟಿಗೆ. ಇಡೀ ಲೇಔಟಿನ ಬಟ್ಟೆ ನೀರೂ ಹಂಗೇ.

"ಹತ್ತು ಸೀಳ್ದೆ, ಹತ್ರಲ್ಲೂ ಐತೆ" ಅಂದ್ರು. "ಬ್ಯಾರೇರು ಹೊಟ್ಟೆ ತೆಗೆದು ತಿಂತಾರೆ. ನಿನ್ ಮಗೀಗೆ ನಾನೇ ಇಡಿಯಾಗಿ ಕುಟ್ಟಿ ಕುಡಿಸ್ಬುಟ್ಟೆ ಕಣವ್ವಾ."

ಬೈದೆ. ಸುಳ್ಳು ಯಾಕೆ ಹೇಳ್ಲಿ. "ಮೋರಿ ನೀರಲ್ಲಿ ಸಾಕಿದ್ದನ್ನ ಮಗುಗೆ ಕೊಡ್ತಾರಾ ಅಜ್ಜಿ?" ಅವರು ಬಾಳೆಲೆ ಮಡಚ್ಕೊಂಡು ಹೊರಟ್ರು. ಅವರು ಮೆಟ್ಟಿಲು ಇಳಿಯೋದ್ರೊಳಗೆ ಹಗ್ಗದ ಮೇಲಿದ್ದ ಸ್ವೆಟರ್ ಎಳ್ಕೊಂಡು ಬೀರು ಹಿಂದೆ ತುರುಕಿದೆ.

ಡಾಕ್ಟರ್ ಮಗಳ ಹೊಟ್ಟೆ ಒತ್ತಿ ನೋಡಿ, "ಹೊರಗೆ ಹೋಗಿರುತ್ತೆ ಬಿಡಿ ಮೇಡಂ" ಅಂದ್ರು. ಹೋಗಿರುತ್ತೆ ಅಂದ್ರೆ ಏನರ್ಥ? ಹೋಗಿದೆಯಾ, ಇಲ್ವಾ?

ಅಜ್ಜಿ ತೊಟ್ಟಿ ಖಾಲಿ ಮಾಡಿ ಏಡಿ ಎಲ್ಲಾ ಸುಣ್ಣ ಹಾಕಿ ಹೂತ್ರು. ಭಾನುವಾರ ಬಂದೋರಿಗೆಲ್ಲಾ ಗೇಟಲ್ಲೇ, "ನೂಲು ತಿಂದವೆ, ತಿನ್ಬ್ಯಾಡಿ" ಅನ್ನೋರು. "ಹಂಗಾದ್ರೆ ಒಂದು ಸೀರೆ ನೇಯ್ದುಕೊಡು ಅಜ್ಜಿ" ಅಂತ ಒಬ್ಬ ಕಿಚಾಯಿಸ್ದ. ಅಜ್ಜಿ ನಗ್ಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಪೊರಕೆ ಹಿಡ್ಕೊಂಡು ನಮ್ಮ ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಲ್ಲೋರು.

"ಮಗು ಕೆಮ್ತಾ?"

"ಇಲ್ಲ ಅಜ್ಜಿ."

ರಾತ್ರಿಯೆಲ್ಲಾ ಕೆಮ್ಮಿದ್ರೂ ಇಲ್ಲ ಅಂತಿದ್ದೆ. ಹೇಳಕ್ಕೆ ನಂಗೇ ಭಯ.

ನಾವು ಬನಶಂಕರಿಗೆ ಬಂದ್ಮೇಲೆ ಅಜ್ಜಿ ಹೋಗ್ಬಿಟ್ರು. ನೋಡಕ್ಕೆ ಹೋದಾಗ ಅವರ ಸೊಸೆ, "ಕೊನೇವರೆಗೂ ನಿಮ್ ಮಗಳು ಕೆಮ್ತಾಳಾ ಅಂತಾನೇ ಕೇಳೋರು ಅಕ್ಕ" ಅಂದ್ಲು.

ಮಗಳು ಈಗ ನನಗಿಂತ ಎತ್ತರ. ಚೆನ್ನಾಗಿದಾಳೆ. ಆದ್ರೂ ಪಕ್ಕದ ರೂಮಲ್ಲಿ ಒಂದ್ಸಲ ಕೆಮ್ಮಿದ್ರೆ ನನ್ನ ಕೈ ಕೆಲಸ ನಿಂತೋಗುತ್ತೆ. ಅಜ್ಜಿ ಬಾಯಿ ಮುಚ್ಕೊಂಡಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಮಗಳು ಇನ್ನೂ ಎಷ್ಟು ಲೋಟ ಕುಡೀತಿದ್ಲೋ. ಅವರು ಬಂದು ಹೇಳಿದ್ರು. ಸ್ವೆಟರ್ ವಿಷ್ಯ ನಾನು ಹೇಳ್ಲೇ ಇಲ್ಲ.