ಹೆಸರು ಕೇಳಲು ಸೀತಾಂಗೋಳಿಗೆ

ಮೀಂಜದ ನಮ್ಮ ಸ್ಟಾಪಿನಿಂದ ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಹೊರಟೆವು, ನಾನು ಮತ್ತು ಅಜ್ಜಿ. ಅಜ್ಜಿಗೆ ಎಂಬತ್ತನಾಲ್ಕು, ನನಗೆ ಇಪ್ಪತ್ತಾರು. ಮೆಟ್ಟಿಲಲ್ಲಿ ಜಾರಿದ್ದು ನನ್ನ ಕಾಲು, ರಟ್ಟೆ ಹಿಡಿದು ಮೇಲೆಳೆದದ್ದು ಅವರು. ಉಪ್ಪಳಕ್ಕೆ ಇಬ್ಬರಿಗೂ ಸೇರಿ ನಲವತ್ತು ರೂಪಾಯಿ. ಕಂಡಕ್ಟರ್ ಮೂಗಿನಿಂದ "ಉಪ್ಪಳ, ಉಪ್ಪಳ" ಎಂದು ಕೂಗುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ನಾನು ಹಿಂದಿನ ಸೀಟಿನಿಂದ ಅದೇ ಮೂಗಿನಲ್ಲಿ ಕೂಗಿದೆ. ಇಬ್ಬರು ಹೆಂಗಸರು ಉಪ್ಪಳ ಬಂತೆಂದು ಚೀಲ ಹಿಡಿದು ಎದ್ದು ನಿಂತರು. ಅಜ್ಜಿ ನನ್ನ ತೊಡೆಗೆ ಚಿವುಟಿದರು.

ಇದು ನನ್ನ ಕಸುಬು. ಮದುವೆ ರಿಸೆಪ್ಶನ್, ಶಾಲೆಯ ವಾರ್ಷಿಕೋತ್ಸವ ಎಂದು ಕರೆದಲ್ಲಿ ಹೋಗಿ ಮಿಮಿಕ್ರಿ ಮಾಡುತ್ತೇನೆ. ಊರಿನ ಎಲ್ಲರ ಧ್ವನಿಯೂ ನನ್ನ ಗಂಟಲಲ್ಲಿ ಉಂಟು. ನನ್ನದು ಯಾವುದೆಂದು ಮಾತ್ರ ಇನ್ನೂ ಸಿಕ್ಕಿಲ್ಲ. ಮನೆಯಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಅಜ್ಜಿಯ ಐಟಮಿಗೆ. ಅಂಗಳದ ತುದಿಯಲ್ಲಿ ನಿಂತು ಸಂಜೀವ ಮಾಮನನ್ನು ಕರೆಯುವುದು: "ಸಂಜೀವಾ…" ಎಂದು ಒಮ್ಮೆ, ಉಸಿರೆಳೆದು "ಓ ಸಂಜೀವಾ…" ಎಂದು ಇನ್ನೊಮ್ಮೆ. ಮಾಮ ಮೊದಲ ಕರೆಗೇ "ಹಾಂ, ಬಂದೆ" ಎಂದರೂ ಎರಡನೆಯದು ಬಂದೇ ಬರುತ್ತದೆ.

ಈ ಮಾಮ ನನ್ನ ಅಮ್ಮನ ಅಣ್ಣ, ವಿಲ್ಲೇಜ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಬಾಯಾರಿನಲ್ಲಿ ನಮ್ಮ ತರವಾಡು ಮನೆ, ಅಂದರೆ ತಾಯಿಯ ಕಡೆಯ ಮೂಲಮನೆ, ಹೊಸದಾಗಿ ಕಟ್ಟಿ ಆಗಿದೆ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆ ಮನೆಯ ಚಾವಡಿಯಲ್ಲಿ ತೂಗುಹಾಕಲು ಮಾಮ ಎಂಟು ತಿಂಗಳು ಕೂತು ವಂಶವೃಕ್ಷ ತಯಾರಿಸಿದರು. ಆಧಾರ ಒಂದು ಹಳೆಯ ನೋಟ್‌ಬುಕ್. ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸುವಾಗ ಅದನ್ನು ನೋಡಿ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಬಾಳೆಎಲೆ ಇಡುತ್ತೇವೆ. ಆದರೆ ಹಾಲುಹಲ್ಲು ಬೀಳುವ ಮುಂಚೆ ಹೋದ ಮಕ್ಕಳಿಗೆ ನಮ್ಮ ಮನೆಯಲ್ಲಿ ಎಲೆ ಇಡುವ ಕ್ರಮ ಇಲ್ಲ. ಎಲೆ ಇಲ್ಲದವರು ಪುಸ್ತಕದಲ್ಲಿಲ್ಲ, ಪುಸ್ತಕದಲ್ಲಿಲ್ಲದವರು ಮರದಲ್ಲಿಲ್ಲ. ಇಷ್ಟು ಅಚ್ಚುಕಟ್ಟಾದ ತಪ್ಪು ಮಾಡಬೇಕಾದರೆ ಮೂವತ್ತು ವರ್ಷದ ಸರ್ವಿಸ್ ಬೇಕು.

ಗುರುವಾರ ಮಾಮ ಅದನ್ನು ಮೊಬೈಲಿನಲ್ಲಿ ಅಜ್ಜಿಗೆ ತೋರಿಸಿದರು. ಅಜ್ಜಿ ಕನ್ನಡಕ ಸರಿಮಾಡಿ ಬಹಳ ಹೊತ್ತು ನೋಡಿದರು. "ನನ್ನ ಕೊಂಬೆಯಲ್ಲಿ ಎರಡೇ ಯಾಕೆ? ನಾನು ನಾಲ್ಕು ಹೆತ್ತವಳು."

"ಹೆಸರು ಹೇಳಿ ಅಮ್ಮ, ಹಾಕುವ. ಸೋಮವಾರ ಪ್ರಿಂಟಿಗೆ ಕೊಡ್ಲಿಕ್ಕುಂಟು."

"ದೊಡ್ಡವಳು ಲೀಲಾ. ಅವಳ ನಂತರ ಒಬ್ಬ ಗಂಡು."

"ಅವನ ಹೆಸರು?"

"ನನಗೆ ಗೊತ್ತಿಲ್ಲ."

ನಾನು ನಕ್ಕುಬಿಟ್ಟೆ. ಹೆತ್ತವರಿಗೇ ಹೆಸರು ಗೊತ್ತಿಲ್ಲ ಎಂಬುದು ಯಾವುದೋ ಸ್ಕಿಟ್ಟಿನ ಮಾತಿನ ಹಾಗೆ ಕೇಳಿಸಿತ್ತು. ಅಜ್ಜಿ ನಗಲಿಲ್ಲ. "ಶನಿವಾರ ನನ್ನನ್ನು ಸೀತಾಂಗೋಳಿಗೆ ಕರಕೊಂಡು ಹೋಗು" ಎಂದರು. ಅದಕ್ಕೇ ಈ ಪ್ರಯಾಣ.

ಉಪ್ಪಳದಲ್ಲಿ ಬಸ್ ಬದಲಿಸಿದೆವು. ಹೆದ್ದಾರಿ ಅಗಲ ಮಾಡಿದ ಮೇಲೆ ಯಾವ ಬಸ್ಸು ಯಾವ ಬದಿಯಲ್ಲಿ ನಿಲ್ಲುತ್ತದೆಂದು ಊರವರಿಗೇ ಗೊತ್ತಾಗುವುದಿಲ್ಲ. ಒಂಬತ್ತು ಗಂಟೆಗೇ ಡಾಮರು ಕಾದಿತ್ತು. ಕುಂಬಳೆಯವರೆಗಿನ ಹತ್ತು ಕಿಲೋಮೀಟರಿನಲ್ಲಿ ಅಜ್ಜಿ ಅರುವತ್ತು ವರ್ಷದ ಹಿಂದಿನ ಒಂದು ತಿಂಗಳನ್ನು ಹೇಳಿ ಮುಗಿಸಿದರು. ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎರಡನೇ ಹೆರಿಗೆ ಸೀತಾಂಗೋಳಿಯ ಗಂಡನ ಮನೆಯಲ್ಲೇ ಆಯಿತು. ಮಳೆ ಬಿಟ್ಟಿರಲಿಲ್ಲ, ಹೊಳೆ ದಾಟಲಿಕ್ಕೆ ಆಗಲಿಲ್ಲ. ಹೆತ್ತ ಎರಡನೇ ದಿನವೇ ನನಗೆ ಜ್ವರ. ಲೀಲಾಳಿಗೂ ಬಂತು, ಅವಳಿಗೆ ಮೂರು ವರ್ಷ. ನನಗೆ ನೆನಪಿರುವುದು ಮಲಗಿದಲ್ಲಿಂದ ಕಾಣುವ ಮಾಡಿನ ಮರದ ಪಕ್ಕಾಸು ಮಾತ್ರ. ಎಚ್ಚರ ಬರುವಾಗ ತೊಟ್ಟಿಲು ಅಟ್ಟಕ್ಕೆ ಏರಿಸಿದ್ದರು. ಮನೆಯಲ್ಲಿ ಇಬ್ಬರೂ ಇಲ್ಲ."

"ಹೆಸರು ಇಟ್ಟಿದ್ದರಾ?"

"ಹದಿನಾರನೇ ದಿನ ಇಟ್ಟಿದ್ದರಂತೆ. ನಿನ್ನ ಅಜ್ಜನ ತಂಗಿ ದೇವಕಿ ಕಿವಿಯಲ್ಲಿ ಹೇಳಿದ್ದು. ನಾನು ಒಳಗೆ ಬಿದ್ದುಕೊಂಡಿದ್ದೆ."

ನಮ್ಮಲ್ಲಿ ಹಾಗೆಯೇ. ಅಪ್ಪನ ತಂಗಿ ಮೊದಲು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಆಮೇಲೆ ಉಳಿದವರಿಗೆ.

"ಇಷ್ಟು ವರ್ಷ ಅವರನ್ನು ಕೇಳಲೇ ಇಲ್ವಾ? ಎಷ್ಟು ಮದುವೆಯಲ್ಲಿ ಸಿಕ್ಕಿದ್ದೀರಿ!"

"ಮದುವೆಮನೆಯಲ್ಲಿ ಕೇಳುವ ಮಾತಾ ಮಾರಾಯ ಅದು?"

ನಾನು ಜಾಣತನ ತೋರಿಸಿದೆ. "ರಮೇಶ ಅಂತ ಹಾಕಿದರೆ ಆಯಿತಲ್ಲ ಅಜ್ಜಿ? ಮಾಮನಿಗೆ ಒಂದು ಹೆಸರು ಬೇಕು ಅಷ್ಟೆ."

"ಅದು ಬೇರೆ ಯಾರದ್ದೋ ಮಗ ಆಗ್ತಾನೆ" ಎಂದು ಅಜ್ಜಿ ಕಿಟಕಿಯ ಕಡೆ ತಿರುಗಿದರು.

ಕುಂಬಳೆಯಲ್ಲಿ ಚಾ ಕುಡಿದು ಗೋಳಿಬಜೆ ತಿಂದೆವು. ತಿಂದದ್ದು ನಾನೊಬ್ಬನೇ. ಅಜ್ಜಿ ತಮ್ಮ ಪಾಲನ್ನು ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕುವಾಗ ಒಳಗೆ ಒಂದು ಸುರುಳಿ ಕಂಡಿತು: ಎರಡು ಬಾಳೆಎಲೆಯ ಕುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಎಲೆ ಬಡಿಸುವ ದಿನ ಕೊನೆಗೆ ಅಜ್ಜಿ ಅಡುಗೆಮನೆಯ ಹಿಂದೆ ಎರಡು ಪುಟ್ಟ ಕುಡಿಗಳನ್ನು ಇಡುವುದು ನನಗೆ ಗೊತ್ತಿತ್ತು. "ಕಾಗೆಗೆ" ಎನ್ನುತ್ತಿದ್ದರು. "ಕಾಗೆಗೂ ಅದರ ಹೆಂಡತಿಗೂ" ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವು ಯಾರಿಗೆಂದು ಈಗ ಗೊತ್ತಾಯಿತು.

ಅಲ್ಲಿಂದ ಸೀತಾಂಗೋಳಿ ಎಂಟು ಕಿಲೋಮೀಟರ್ ಆಗಬಹುದು. ಜಂಕ್ಷನ್ನಿನಲ್ಲಿ ಇಳಿದು ರಿಕ್ಷಾದಲ್ಲಿ ಹೋದೆವು. ದೇವಕಿಯಜ್ಜಿ ಜಗಲಿಯಲ್ಲಿ ಕೂತು ಗೇರುಬೀಜ ಹರಡುತ್ತಿದ್ದರು. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ.

"ಅತ್ತಿಗೆಯಾ? ಇನ್ನೂ ಹೋಗಲಿಲ್ವಾ ನೀವು?"

"ನಿನ್ನನ್ನು ಕಳಿಸಿ ಹೋಗುವ ಅಂತ" ಎಂದರು ಅಜ್ಜಿ. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. "ಇವನು ಯಾರು? ನಿಮ್ಮ ಕೋಡಂಗಿ ಮೊಮ್ಮಗನಾ?" ಎಂದಾಗ ನನ್ನ ಕೀರ್ತಿ ಸೀತಾಂಗೋಳಿಗೂ ಮುಟ್ಟಿದೆ ಎಂದು ಗೊತ್ತಾಯಿತು.

ಬೆಲ್ಲದ ಪಾನಕ ಕುಡಿದು ಲೋಟ ಕೆಳಗಿಟ್ಟ ಮೇಲೆ ಅಜ್ಜಿ ನೇರವಾಗಿ ಕೇಳಿದರು. "ದೇವಕಿ, ಮಳೆಗಾಲದಲ್ಲಿ ಹುಟ್ಟಿದವನ ಕಿವಿಯಲ್ಲಿ ನೀನು ಎಂತ ಹೆಸರು ಹೇಳಿದ್ದು?"

ದೇವಕಿಯಜ್ಜಿಯ ಕೈ ಗೇರುಬೀಜದ ಮೇಲೆ ನಿಂತಿತು. "ನಿಮಗೆ ಗೊತ್ತಿಲ್ವಾ?"

"ಯಾರೂ ಹೇಳಲಿಲ್ಲ."

"ಬಾಣಂತಿಯ ಎದುರು ಹೋದವನ ಹೆಸರು ಎತ್ತಬಾರದು ಅಂತ ಅಮ್ಮ ಹೇಳಿದ್ದರು. ಆಮೇಲೆ ನೀವೂ ಕೇಳಲಿಲ್ಲ. ಆದರೆ ಅತ್ತಿಗೆ, ನಿಮಗೆ ಗೊತ್ತಾಗಿರಬಹುದು ಅಂತಲೇ ನಾನು ತಿಳಿದದ್ದು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಎರಡು ವರ್ಷ ಕಳೆದು ಬಾಯಾರಿನಲ್ಲಿ ನಿಮಗೆ ಗಂಡು ಹುಟ್ಟಿತಲ್ಲ, ತೊಟ್ಟಿಲಿಗೆ ಹಾಕುವ ದಿನ ನಾನು ಹೊರಡುವಾಗ ಅಮ್ಮ ಹೇಳಿದರು, ಹೋದವನೇ ಬಂದಿದ್ದಾನೆ, ಅದೇ ಹೆಸರು ಹೇಳು ಅಂತ. ನಾನು ಅದನ್ನೇ ಹೇಳಿದೆ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಜ್ಜಿಗೆ ಬೇಕಾಗಲಿಲ್ಲ.

"ಸಂಜೀವನಾ?"

"ಇಬ್ಬರೂ ಸಂಜೀವನೇ ಅತ್ತಿಗೆ. ಮೊದಲನೆಯವನು ಹೆಸರು ಹೇಳುವಾಗ ಕಣ್ಣು ಬಿಟ್ಟು ನೋಡಿದ್ದ. ಮತ್ತೆ ನಾಲ್ಕೇ ದಿನ."

ಅಜ್ಜಿ ಅಳಲಿಲ್ಲ. ಚಿಕ್ಕ ಧ್ವನಿಯಲ್ಲಿ, "ಹಾಗಾದರೆ ನಾನು ಅವನನ್ನು ಕರೀತಾನೇ ಇದ್ದೆ" ಎಂದರು. ಆಗ ದೇವಕಿಯಜ್ಜಿ ಅತ್ತರು. ಯಾರನ್ನು ನೋಡಬೇಕೆಂದು ತಿಳಿಯದೆ ನಾನು ಗೇರುಬೀಜ ಎಣಿಸಿದೆ.

ಮಕ್ಕಳನ್ನು ಮಣ್ಣು ಮಾಡಿದ ಜಾಗ ಮನೆಯಿಂದ ಇನ್ನೂರು ಹೆಜ್ಜೆ. ಅಲ್ಲಿದ್ದ ಕಾಟುಮಾವಿನ ಮರ ಈಗಿಲ್ಲ. ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಕಲ್ಲು ಮಾಡುವ ಒಂದು ಶೆಡ್ ಉಂಟು. ಯಂತ್ರ ನೆಲ ನಡುಗುವಂತೆ ಕುಟ್ಟುತ್ತಿತ್ತು. ಗಡ್ಡದ ಮ್ಯಾನೇಜರ್ ಹೊರಗೆ ಬಂದು, "ಎಂತ ಅಜ್ಜಿ, ಕಲ್ಲು ಬೇಕಿತ್ತಾ? ಡಿಸೈನ್ ಉಂಟು, ನೋಡಿ" ಎಂದರು.

"ಕಲ್ಲು ಬೇಡ. ನನ್ನ ಇಬ್ಬರು ಮಕ್ಕಳು ಇಲ್ಲಿ ಇದ್ದಾರೆ."

ಆ ಮನುಷ್ಯ ಒಳಗೆ ಹೋಗಿ ಯಂತ್ರ ನಿಲ್ಲಿಸಿದರು. ಸದ್ದು ನಿಂತ ಮೇಲೆ ಬಿಸಿಲು ಇನ್ನೂ ಜಾಸ್ತಿ ಅನ್ನಿಸಿತು. ಅಜ್ಜಿ ಗೋಡೆಯ ಬುಡದಲ್ಲಿ ಕುಡಿಎಲೆ ಬಿಡಿಸಿ ಬೆಲ್ಲದ ಅವಲಕ್ಕಿ ಇಟ್ಟರು, ಕುಂಬಳೆಯ ಗೋಳಿಬಜೆಯನ್ನು ಎರಡು ಪಾಲು ಮಾಡಿದರು. "ಲೀಲಾ" ಎಂದರು. ಎರಡನೆಯ ಎಲೆಯ ಮುಂದೆ ಅವರ ತುಟಿ ಅಲುಗಿದ್ದು ಕಂಡಿತು, ಧ್ವನಿ ಬರಲಿಲ್ಲ. ನಾವು ರಸ್ತೆಗೆ ಮುಟ್ಟುವವರೆಗೂ ಯಂತ್ರ ಶುರುವಾಗಲಿಲ್ಲ.

ಜಂಕ್ಷನ್ನಿನಿಂದ ಮಾಮನಿಗೆ ಫೋನ್ ಮಾಡಿದೆ. ದೇವಕಿಯಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ರೇಂಜ್ ಹೋಯಿತೆಂದು ಎರಡು ಸಲ ಹಲೋ ಎಂದೆ.

"ಕ್ರಮದಲ್ಲಿ ಹೇಳು" ಎಂದರು ಕೊನೆಗೆ, ಆಫೀಸಿನ ಧ್ವನಿಯಲ್ಲಿ.

"ಲೀಲಾ, ಸಂಜೀವ, ಸಂಜೀವ, ಆಮೇಲೆ ನನ್ನ ಅಮ್ಮ."

"ಸಂಜೀವ, ಸಂಜೀವ" ಎಂದು ಅವರು ಬರೆದುಕೊಳ್ಳುವುದು ಕೇಳಿಸಿತು. ಎರಡನೆಯದಕ್ಕೆ ಆಫೀಸಿನ ಧ್ವನಿ ಮುರಿಯಿತು. "ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿ ಫೋನ್ ಇಟ್ಟರು. ಆ ಮುರಿದ ಧ್ವನಿ ನನಗೆ ಇವತ್ತಿಗೂ ಮಾಡಲು ಬರುವುದಿಲ್ಲ.

ಹಿಂತಿರುಗಿ ಬರುವಾಗ ಉಪ್ಪಳದಿಂದ ಮೀಂಜದ ಬಸ್ಸಿನಲ್ಲಿ ಬೆಳಗಿನ ಅದೇ ಕಂಡಕ್ಟರ್. "ಎಂತ, ಈಗ ಕೂಗುವುದಿಲ್ವಾ?" ಎಂದು ನನ್ನನ್ನು ಕೆಣಕಿದ. ಅಜ್ಜಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು. ಸುಮ್ಮನೆ ಟಿಕೆಟ್ ತೆಗೆದುಕೊಂಡೆ.

ಮನೆ ಮುಟ್ಟುವಾಗ ಐದೂವರೆ. ಮಾಮ ಅಂಗಳದ ಕೆಳಗೆ ಪಂಪ್‌ಶೆಡ್ಡಿನ ಹತ್ತಿರ ನಿಂತಿದ್ದರು, ಬಿಳಿ ಬನಿಯನ್ ಕಾಣುತ್ತಿತ್ತು. ನಮ್ಮನ್ನು ಕಂಡಿದ್ದರು, ಆದರೂ ಮೇಲೆ ಬರಲಿಲ್ಲ. ಅಜ್ಜಿ ಚೀಲ ನನ್ನ ಕೈಗೆ ಕೊಟ್ಟು ಅಂಗಳದ ತುದಿಗೆ ಹೋದರು.

"ಸಂಜೀವಾ…"

ಮಾಮ ಅಲುಗದೆ ನಿಂತರು. ಮೊದಲ ಕರೆಗೇ ಹಾಂ ಎನ್ನುವ ಮನುಷ್ಯ ಬಾಯಿ ತೆರೆಯಲಿಲ್ಲ, ತಲೆ ತಗ್ಗಿಸಿ ಕಾದರು. ಅಜ್ಜಿ ಉಸಿರೆಳೆದುಕೊಂಡರು.

"ಓ ಸಂಜೀವಾ…"

"ಹಾಂ, ಬಂದೆ ಅಮ್ಮ" ಎಂದು ಮಾಮ ಮೆಟ್ಟಿಲು ಹತ್ತತೊಡಗಿದರು.